ಗಲ್ಲೆಯಲ್ಲಿ ಹುಲಿ, ಕಾಗದ ಕಂಡ್ರೆ ಇಲಿ: ಡೊಂಬಿವಲಿಯ ಒಂದು ಎಡಿಎಚ್‌ಡಿ ಪ್ರಕರಣ

ವ್ಯಕ್ತಿ: ಗಂಡಸು, ಆಗ ವಯಸ್ಸು 36, ಮದುವೆ ಆಗಿದೆ, ಒಬ್ಳು ಮಗಳು. ಕಸುಬು: ಮುಂಬೈ ಹತ್ರದ ಡೊಂಬಿವಲಿ ಪೂರ್ವದಲ್ಲಿ ಅಪ್ಪಯ್ಯ ಶುರು ಮಾಡಿದ 16 ಟೇಬಲ್ಲಿನ ಹೋಟೆಲು ನಡೆಸುದು. ದೂರು: ಎಲ್ಲ ಗೊತ್ತುಂಟು, ಮಾಡ್ಲಿಕ್ಕೆ ಆಗುದಿಲ್ಲ. ಡಾಕ್ಟರು ಕೊಟ್ಟ ಹೆಸರು: ಎಡಿಎಚ್‌ಡಿ, ಅಂದ್ರೆ ಗಮನವನ್ನು ಬೇಕಾದ ಕಡೆ ನಿಲ್ಸಲಿಕ್ಕೆ ಕಷ್ಟ ಆಗುವ, ಸಣ್ಣದಿರುವಾಗಿಂದ್ಲೇ ಇರುವ ಮಿದುಳಿನ ತೊಂದರೆ. ಬರೆಯುವವಳಿಗೆ ಸಂಬಂಧ: ತಮ್ಮ.

ಇನ್ಶೂರೆನ್ಸ್ ಕ್ಲೇಮ್ ಫೈಲ್ ಬರೆದು ಬರೆದು ನಂಗೆ 14 ವರ್ಷ ಆಯ್ತು, ಹಾಗಾಗಿ ಎಂತ ಬರೆದ್ರೂ ಫೈಲಿನ ಹಾಗೇ ಬರ್ತದೆ, ಸ್ವಲ್ಪ ಸುಧಾರಿಸ್ಕೊಳ್ಳಿ. ನಮ್ಮಲ್ಲಿ ಪ್ರತಿ ಫೈಲಿಗೂ "ಕಾರಣ" ಅಂತ ಒಂದು ಕಾಲಂ ಇರ್ತದೆ. ಅದ್ರಲ್ಲಿ ಒಮ್ಮೆ "ನಿರ್ಲಕ್ಷ್ಯ" ಅಂತ ಬಿದ್ರೆ ಮತ್ತೆ ಯಾರೂ ಆ ಫೈಲನ್ನು ಬಿಚ್ಚಿ ನೋಡುದಿಲ್ಲ, ಅಷ್ಟಕ್ಕೇ ಬಂದ್. ನನ್ನ ತಮ್ಮನ ವಿಷಯದಲ್ಲಿ ಆ ಕಾಲಮಲ್ಲಿ ಆ ಶಬ್ದ ಬರೆದವಳು ನಾನೇ, ಅದೂ ಅವನು ಮೂರನೇ ಕ್ಲಾಸಲ್ಲಿದ್ದಾಗಿಂದ. ಈಗ ತಿದ್ದಿ ಬರೀತಿದ್ದೇನೆ. ಅವನನ್ನು ಕೇಳಿಯೇ ಬರೆದದ್ದು, "ಹೆಸ್ರ್ ಬೇಡ, ಹೋಟ್ಲಿನ ಹೆಸ್ರೂ ಬೇಡ, ಉಳ್ದದ್ದ್ ಎಂತ ಬೇಕಾರೂ ಬರಿ ಅಕ್ಕ" ಅಂದಿದ್ದಾನೆ.

ಮೊದಲು ಘಟನೆ. 2023ರ ಜುಲೈ, ಜೋರು ಮಳೆ. ತಮ್ಮನ ಹೆಂಡ್ತಿಗೆ ಆಫೀಸಿನ ಟ್ರೈನಿಂಗ್ ಇತ್ತು, ಹಾಗಾಗಿ ಆ ವಾರ ಮಗಳನ್ನು 12.30ಕ್ಕೆ ಶಾಲೆಯಿಂದ ಕರ್ಕೊಂಡು ಬರುದು ಇವನ ಪಾಲಿಗೆ. ಅವನು ಮರೀಲಿಲ್ಲ, ಇದನ್ನು ಗಮನಿಸ್ಬೇಕು, 12.10ಕ್ಕೇ ರೇನ್‌ಕೋಟ್ ಹಾಕಿ ಸ್ಕೂಟರ್ ತೆಗೆದಿದ್ದಾನೆ. ದಾರಿಯಲ್ಲಿ ದೋಸೆ ಹಿಟ್ಟು ಮಾರೋ ಒಬ್ಬ ಪರಿಚಯದವನ ಅಂಗಡಿ, ಅಲ್ಲಿ ಗ್ರೈಂಡರ್ ನಿಂತು ಅವನು ತಲೆ ಮೇಲೆ ಕೈ ಹೊತ್ತು ಕೂತಿದ್ದ, ಇವನು ಸ್ಕೂಟರ್ ನಿಲ್ಸಿದ, "ಎರಡು ನಿಮಿಷ" ಅಂತ ಹೇಳಿ ಬೆಲ್ಟ್ ಬಿಚ್ಚಿದ, ಬೆಲ್ಟ್ ಅಲ್ಲ ಒಳಗಿನ ಪುಲ್ಲಿ ಸವೆದದ್ದು ಅಂತ ಗೊತ್ತಾಯ್ತು, ಅದನ್ನೂ ಬಿಚ್ಚಿದ. ಗ್ರೈಂಡರ್ ತಿರುಗ್ಲಿಕ್ಕೆ ಶುರು ಆದಾಗ ಸಮಯ 1.50. ಫೋನಲ್ಲಿ 9 ಮಿಸ್ಡ್ ಕಾಲ್. ಮಗು ಶಾಲೆ ಗೇಟಲ್ಲಿ ವಾಚ್‌ಮನ್ ಕುರ್ಚಿ ಮೇಲೆ ಕೂತು ಅವರ ಡಬ್ಬಿಯ ಚಪಾತಿ ತಿಂತಾ ಇತ್ತಂತೆ, ಅತ್ತಿರಲೂ ಇಲ್ಲ. ಅತ್ತದ್ದು ಇವನು. ಶಾಲೆಯ ಎದುರು, ಮಳೆಯಲ್ಲಿ, ಎಲ್ಲರ ಮುಂದೆ.

ರಾತ್ರಿ ತಮ್ಮನ ಹೆಂಡ್ತಿ ಫೋನ್ ಮಾಡಿದ್ಳು. ಬೈಯ್ಲಿಲ್ಲ, ಅದೇ ನಂಗೆ ಹೆದರಿಕೆ ಆದದ್ದು. "ಅಕ್ಕ, ಏಳು ವರ್ಷದಿಂದ ನಾನೇ ಇವರ ಅಲಾರಂ. ಕರೆಂಟ್ ಬಿಲ್ ನಾನು, ಗ್ಯಾಸ್ ನಾನು, ಅತ್ತೆಯ ಬಿಪಿ ಮಾತ್ರೆ ನಾನು. ನಂಗೆ ಇನ್ನು ಹೊಡ್ಕೊಳ್ಲಿಕ್ಕೆ ಆಗುದಿಲ್ಲ" ಅಂದ್ಳು.

ಮುಂದಿನ ಭಾನುವಾರ ನನ್ನ ಮನೆ ಇರುವ ಮುಲುಂಡಿಂದ ಹೋದೆ. ಹಾಲಿನ ಬಿಲ್ ಎಲ್ಲಿ ಅಂತ ಕೇಳಿದ್ದಕ್ಕೆ ಸ್ಕೂಟರಿನ ಡಿಕ್ಕಿ ತೋರಿಸಿದ. ತೆಗೆದೆ. ಮೇಲೆ ಒದ್ದೆ ರೇನ್‌ಕೋಟ್, ಅದರ ಅಡಿಗೆ ಏಪ್ರಿಲಿಂದ ಜೂನ್ ತನಕದ ಹಾಲು, ಕಿರಾಣಿ, ತರಕಾರಿ, ಗ್ಯಾಸಿನ ಬಿಲ್ಲುಗಳೆಲ್ಲ ಒಂದು ಮಿಠಾಯಿ ಡಬ್ಬದ ಚೀಲದಲ್ಲಿ ಮುದ್ದೆ ಆಗಿ ಅಂಟಿಕೊಂಡಿದ್ದವು, ಜೊತೆಗೆ ಒಡೆಯದ ಮೂರು ಲಕೋಟೆ, ಬಿಚ್ಚದೇ ಇದ್ದ ಒಂದು ಹೊಸ ಡೈರಿ, ಒಂದು ಸುಲಿದ ತೆಂಗಿನಕಾಯಿ ಮೊಳಕೆ ಬಂದದ್ದು. ಬ್ಯಾಂಕಲ್ಲಿ ದುಡ್ಡಿತ್ತು ಮಾರಾಯ್ರೆ. ಲೆಕ್ಕದ ಆಫೀಸಿನವರು ಪ್ರತಿ ತಿಂಗಳೂ ಫೋನ್ ಮಾಡ್ತಿದ್ರು. ಇವನು ಮಾಡ್ಬೇಕಾದ್ದು ಆ ಬಿಲ್ಲುಗಳನ್ನು ಒಂದು ಕವರಲ್ಲಿ ಹಾಕಿ ಎರಡು ಬಿಲ್ಡಿಂಗ್ ಆಚೆ ಕೊಟ್ಟು ಬರುದು, ಅಷ್ಟೇ.

"ನಂಗ್ ಗೊತ್ತಿತ್ತ್ ಅಕ್ಕ. ದಿನಾ ಗೊತ್ತಿತ್ತ್. ಆದ್ರೂ ಮಾಡುಕ್ ಆತಿಲ್ಲೆ" ಅಂದ. ಅವನ ಮುಖ ನೋಡಿ ನಂಗೆ ಮೊದಲ ಸಲ ಅನ್ಸಿತು, ಇದು ಸೋಮಾರಿಯ ಮುಖ ಅಲ್ಲ. ಸೋಮಾರಿಗೆ ರಾತ್ರಿ ನಿದ್ರೆ ಬರ್ತದೆ.

ಕ್ಲೇಮಿನವಳಲ್ವಾ, ಕೂತು ಒಂದು ವರ್ಷದ ನಷ್ಟ ಬರೆದೆ. ಜಿಎಸ್‌ಟಿಗೆ ತಿಂಗಳು ತಿಂಗಳು ತುಂಬಿಸುವ 3ಬಿ ರಿಟರ್ನ್ ನಾಲ್ಕು ತಿಂಗಳದ್ದು ಲೇಟು, ದಿನಕ್ಕೆ 50 ರೂಪಾಯಿ ಲೆಕ್ಕ, ವಹಿವಾಟು ಒಂದೂವರೆ ಕೋಟಿಯ ಒಳಗಿದ್ದ ಕಾರಣ ಒಂದೊಂದಕ್ಕೆ 2,000ದ ಮೇಲೆ ಹೋಗುದಿಲ್ಲ, ಅಂದ್ರೆ 8,000. ಅದಲ್ಲದೆ ಬಾಕಿ ಇದ್ದ ತೆರಿಗೆಗೆ ವರ್ಷಕ್ಕೆ 18 ಪರ್ಸೆಂಟ್ ಲೆಕ್ಕದಲ್ಲಿ ಬಡ್ಡಿ, 3,400. ಕ್ರೆಡಿಟ್ ಕಾರ್ಡ್ ತಡ ಮಾಡಿದ್ದಕ್ಕೆ 9,250. ಟಿಕೆಟ್ ತೆಗೀಲಿಕ್ಕೆ ಮರೆತು ಲೋಕಲ್ ಹತ್ತಿ ಎರಡು ಸಲ ದಂಡ 520. ಶಾಲೆ ಫೀ ಲೇಟು 1,000. ಚಾರ್ಜರು, ಡೂಪ್ಲಿಕೇಟ್ ಕೀ, ಎಲ್ಲಿಯೋ ಬಿಟ್ಟು ಬಂದ ಹೆಲ್ಮೆಟ್, ಎಲ್ಲ ಸೇರಿ 3,230. ಒಟ್ಟು 25,400. ಕ್ಲೀನರ್ ಹುಡುಗನ ಎರಡು ತಿಂಗಳ ಸಂಬಳ ಸುಮ್ಮನೆ ಗಟಾರಕ್ಕೆ ಹೋದ ಹಾಗೆ. ಈಗ ರೀಲ್ಸ್ ನೋಡಿ ಕೀ ಎಲ್ಲಿಟ್ಟೆ ಅಂತ ಮರೆತವರೆಲ್ಲ ನಂಗೂ ಎಡಿಎಚ್‌ಡಿ ಅಂತಾರಲ್ಲ, ಅವರಿಗೆಲ್ಲ ನಾನು ಹೇಳುದು ಇದೇ, ಮೊದಲು ಇಂಥ ಒಂದು ಲೆಕ್ಕ ಬರೀರಿ, ದುಡ್ಡಿನದ್ದು, ಸಂಬಂಧದ್ದು, ಎರಡೂ. ಮರೆವು ಎಲ್ಲರಿಗೂ ಉಂಟು. ವರ್ಷಗಟ್ಟಲೆ ಇಂಥ ನಷ್ಟ ಎಲ್ಲರಿಗೂ ಇರುದಿಲ್ಲ.

ಇದೇ ಮನುಷ್ಯ ಗಲ್ಲೆಯಲ್ಲಿ, ಅಂದ್ರೆ ಹೋಟ್ಲಿನ ಕ್ಯಾಶ್ ಕೌಂಟರಲ್ಲಿ, ಕೂತ್ರೆ ನೋಡ್ಬೇಕು. ಬೆಳಿಗ್ಗೆ ಎಂಟರಿಂದ ಹತ್ತು, ಸ್ಟೇಷನ್ನಿಗೆ ಓಡುವವರ ರಶ್ಶು, 16 ಟೇಬಲ್ ಫುಲ್, ಹೊರಗೆ ಪಾರ್ಸೆಲಿಗೆ 12 ಜನ, ಯಾವ ಟೇಬಲ್ಲಿಗೆ ಎಕ್ಸ್ಟ್ರಾ ಸಾಂಬಾರ್, ಯಾರಿಗೆ 20 ರೂಪಾಯಿ ಚಿಲ್ಲರೆ ಬಾಕಿ, ಯಾವ ಆಂಟಿಗೆ ಈರುಳ್ಳಿ ಬೇಡ, ಒಂದೂ ತಪ್ಪುದಿಲ್ಲ. 2005ರ ಜುಲೈ 26, ಸಾಂತಾಕ್ರೂಜಲ್ಲಿ 24 ಗಂಟೆಗೆ 944 ಮಿಲಿಮೀಟರ್ ಮಳೆ ಬಿದ್ದ ದಿನ, ರೈಲೆಲ್ಲ ನಿಂತು ಜನ ಎಲ್ಲೆಲ್ಲಿಯೋ ಸಿಕ್ಕಿಬಿದ್ದಿದ್ರಲ್ಲ, ಆವತ್ತು ಇವನಿಗೆ 18. ಅಪ್ಪಯ್ಯ ಕೈಕಾಲು ಬಿಟ್ಟಿದ್ರು, ಇವನು ಇಡೀ ರಾತ್ರಿ ನಿಂತು ಉಪ್ಪಿಟ್ಟು, ಚಾ ಸಪ್ಲೈ ಮಾಡಿಸಿದ, ಕರೆಂಟಿಲ್ಲದೆ, ತಣ್ಣಗಿನ ತಲೆಯಲ್ಲಿ. ಅದಕ್ಕೇ ನಮ್ಗೆಲ್ಲ ಸಿಟ್ಟು ಜಾಸ್ತಿ ಬರ್ತಿದ್ದದ್ದು. ಅಲ್ಲಿ ಆಗ್ತದೆ ಅಂದ್ರೆ ಇಲ್ಲಿ ಯಾಕೆ ಆಗುದಿಲ್ಲ? ಬೇಕಂತ್ಲೇ ಮಾಡುದು. ನಿರ್ಲಕ್ಷ್ಯ.

ಥಾಣೆಯ ಒಬ್ಬರು ಮನೋವೈದ್ಯರ ಹತ್ರ ಹೋದದ್ದು ಸೆಪ್ಟೆಂಬರಲ್ಲಿ, ಅದೂ ಮೊದಲ ಅಪಾಯಿಂಟ್‌ಮೆಂಟ್ ದಿನ ಇವನು ಮರೆತು (ನಗ್ಬೇಡಿ) ಎರಡನೆಯದಕ್ಕೆ ನಾನೇ ರೈಲಲ್ಲಿ ಕೂರ್ಸಿಕೊಂಡು ಹೋದೆ. ಒಂದೇ ದಿನಕ್ಕೆ ಚೀಟಿ ಬರೆದು ಕೊಡ್ಲಿಲ್ಲ ಅವರು, ಮೂರು ಸಲ ಕರೆಸಿದ್ರು. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಟೆಸ್ಟ್ ಮಾಡಿಸಿದ್ರು, ಗೊರಕೆ ಉಂಟಾ, ನಿದ್ರೆ ಹೇಗೆ, ಕುಡಿತ, ಖಿನ್ನತೆ, ಎಲ್ಲ ಕೇಳಿದ್ರು, ಯಾಕಂದ್ರೆ ಇವೆಲ್ಲವೂ ಮರೆವು, ಗಮನ ತಪ್ಪುದು ಮಾಡ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 18 ಪ್ರಶ್ನೆಯ ಒಂದು ಪಟ್ಟಿ ತುಂಬಿಸಿದ್ರು, ಆದ್ರೆ ಅದು ಬರೀ ಜರಡಿ, ಅದ್ರಲ್ಲಿ ಜಾಸ್ತಿ ಟಿಕ್ ಬಿದ್ರೆ ಕಾಯಿಲೆ ಅಂತ ಅಲ್ಲ ಅಂತ ಅವರೇ ಹೇಳಿದ್ರು. ಮತ್ತೆ ನನ್ನನ್ನು ಒಬ್ಬಳನ್ನೇ ಕೂರ್ಸಿ ಅವನ ಬಾಲ್ಯ ಕೇಳಿದ್ರು. ಡಾಕ್ಟರುಗಳು ಮಾನಸಿಕ ಕಾಯಿಲೆ ಗುರುತಿಸ್ಲಿಕ್ಕೆ ನೋಡುವ ಅಮೆರಿಕದ ಪುಸ್ತಕ, 2013ರಲ್ಲಿ ಬಂದ ಡಿಎಸ್‌ಎಂ-5 ಪ್ರಕಾರ ದೊಡ್ಡವರಲ್ಲಿ ಒಂಬತ್ತರಲ್ಲಿ ಐದು ಲಕ್ಷಣ ಆದ್ರೂ ಇರ್ಬೇಕು, ಒಂದೇ ಜಾಗದಲ್ಲಿ ಅಲ್ಲ ಮನೆ, ಕೆಲಸ ಹೀಗೆ ಎರಡು ಕಡೆಯಾದ್ರೂ ಕಾಣ್ಬೇಕು, ಅದಕ್ಕಿಂತ ಮುಖ್ಯ, 12 ವರ್ಷದ ಒಳಗೇ ಕೆಲವು ಕಾಣಿಸಿರ್ಬೇಕು. ದೊಡ್ಡ ಆದ ಮೇಲೆ ಒಮ್ಮೆಲೇ ಹುಟ್ಟಿಕೊಳ್ಳುವಂಥದ್ದು ಇದಲ್ಲ.

ಮನೆಯ ಟ್ರಂಕಲ್ಲಿ ಹುಡುಕಿದ್ರೆ ಅವನ ನಾಲ್ಕನೇ ಕ್ಲಾಸಿನ ರಿಪೋರ್ಟ್ ಕಾರ್ಡ್ ಸಿಕ್ತು. ಟೀಚರು ಕೆಂಪು ಶಾಯಿಯಲ್ಲಿ ಬರೆದಿದ್ರು, ಹುಡುಗ ಬುದ್ಧಿವಂತ, ಕಿಟಕಿ ಹತ್ರ ಕೂರಿಸಬಾರದು ಅಂತ. ಅದನ್ನು ಓದಿ ನಂಗೆ ಕೊಡೆಗಳ ನೆನಪಾಯ್ತು. ಒಂದು ಮಳೆಗಾಲ ಏಳು ಕೊಡೆ ಕಳ್ಕೊಂಡಿದ್ದ. ಐದನೆಯದರ ತನಕ ಅಪ್ಪಯ್ಯ ಬಡಿದ್ರು, ಏಳನೆಯದು ಹೋದ ಮೇಲೆ ಬಡಿಲಿಲ್ಲ, ಎಂಟನೆಯದನ್ನು ತಂದು ಗೋಣಿ ದಾರದಲ್ಲಿ ಶಾಲೆ ಚೀಲಕ್ಕೇ ಕಟ್ಟಿದ್ರು. ಅದು ಹರಿದು ಹೋಗುವ ತನಕ ಇತ್ತು. ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ಪೆನ್ನು ಕೆಳಗಿಟ್ಟು, "ನಿಮ್ಮ ತಂದೆಯವರು ಆವತ್ತೇ ಟ್ರೀಟ್‌ಮೆಂಟ್ ಶುರು ಮಾಡಿದ್ರಲ್ಲ" ಅಂದ್ರು. ನಂಗೆ ಆಗ ಅರ್ಥ ಆಗ್ಲಿಲ್ಲ, ಆಮೇಲೆ ಆಯ್ತು.

ಇದು ಎಡಿಎಚ್‌ಡಿ ಅಂತ ಡಾಕ್ಟರು ಹೇಳಿದ್ದನ್ನು ಮನೆಯಲ್ಲಿ ಹೇಳಿದಾಗ ಆದ ಗಲಾಟೆ ಸಣ್ಣದಲ್ಲ. ಅಮ್ಮ ಊರಿಗೆ ಫೋನ್ ಹಚ್ಚಿ ದರ್ಶನದಲ್ಲಿ ದೇವರ ಮಾತು ಕೇಳ್ಸಿದ್ರು, ನಾಗನಿಗೆ ಹೇಳಿಕೊಂಡ ಹರಕೆ ಬಾಕಿ ಉಂಟಂತೆ, ಅದನ್ನೂ ಮಾಡಿಸಿದ್ದಾಯ್ತು, ಅದ್ರ ಬಗ್ಗೆ ನಂಗೆ ಜಗಳ ಇಲ್ಲ. ಅಪ್ಪಯ್ಯ "ಇದೆಲ್ಲ ಈಗಿನ ಮೊಬೈಲಿನ ಕಾಯಿಲೆ" ಅಂದ್ರು. ಲಂಡನ್ನಿನ ಮಕ್ಕಳ ಡಾಕ್ಟರ್ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟದ್ದು 1902ರಲ್ಲಿ, ಇವನಿಗೆ ಬರೆದುಕೊಟ್ಟ ಮಾತ್ರೆಯನ್ನು ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ ಮೊದಲು ತಯಾರಿಸಿದ್ದು 1944ರಲ್ಲಿ, ಆಗ ಎಲ್ಲಿತ್ತು ಮೊಬೈಲು ಅಂತ ಕೇಳಿದೆ. ಇದು ವಂಶದಲ್ಲಿ ಬರುದು ಬಹಳ ಜಾಸ್ತಿ, ದೊಡ್ಡವರಲ್ಲಿ ನೂರಕ್ಕೆ ಎರಡು ಮೂರು ಜನಕ್ಕೆ ಇರ್ತದೆ ಅಂತ್ಲೂ ಹೇಳಿದೆ. ಅಪ್ಪಯ್ಯ ಸುಮ್ಮನಾದ್ರು. 13ನೇ ವಯಸ್ಸಲ್ಲಿ ಕುಂದಾಪುರದಿಂದ ಬಸ್ಸು ಹತ್ತಿ ಬಂದವರು, ಟೇಬಲ್ ಒರೆಸ್ತಾ ಫೋರ್ಟಿನ ಕನ್ನಡ ನೈಟ್ ಸ್ಕೂಲಿಗೆ ಮೂರು ಸಲ ಸೇರಿ ಮೂರು ಸಲ ಬಿಟ್ಟವರು. ಸ್ವಲ್ಪ ಹೊತ್ತಾದ ಮೇಲೆ, "ಹಾಂಗಾರೆ ನಂಗೂ ಇದೇ ಇತ್ತಲಾ. ನಂಗ್ ಯಾರ್ ಗುಳ್ಗಿ ಕೊಟ್ಟಿದ್ರ್?" ಅಂದ್ರು. ಅದು ಪ್ರಶ್ನೆಯೋ ಬೇಜಾರೋ ನಂಗೆ ಈಗ್ಲೂ ಗೊತ್ತಾಗುದಿಲ್ಲ.

ಮಾತ್ರೆ ವಿಷಯ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಜನ ಇದನ್ನು ಮಂತ್ರದ ನೀರಿನ ಹಾಗೆ ತಿಳ್ಕೊಳ್ತಾರೆ ಇಲ್ಲ ವಿಷ ಅಂತಾರೆ. ಕೊಟ್ಟದ್ದು ಮೀಥೈಲ್‌ಫೆನಿಡೇಟ್, ಮಿದುಳಲ್ಲಿ ಡೋಪಮೈನ್, ನಾರ್‌ಅಡ್ರಿನಲಿನ್ ಬೇಗ ವಾಪಸ್ ಹೀರಿಕೊಂಡು ಹೋಗದ ಹಾಗೆ ತಡೆಯುವಂಥದ್ದು. ಅಪ್ಪಯ್ಯನಿಗೆ ಬೈಪಾಸ್ ಆದ ಕಾರಣ ಮೊದಲು ಇವನ ಬಿಪಿ, ಇಸಿಜಿ ನೋಡಿದ್ರು, ಸಣ್ಣ ಡೋಸಿಂದ ಶುರು ಮಾಡಿ ನಿಧಾನಕ್ಕೆ ಏರಿಸಿದ್ರು. ಇದು ಮಾದಕ ವಸ್ತುಗಳ ಮೇಲೆ ಹಿಡಿತ ಇಡುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿರೋ ಔಷಧಿ, ಡಾಕ್ಟರ ಚೀಟಿ ಇಲ್ಲದೆ ಸಿಗುದಿಲ್ಲ, ಚೀಟಿ ಇದ್ರೂ ಎಲ್ಲ ಮೆಡಿಕಲ್‌ನವರು ಇಡುದಿಲ್ಲ, ನಾವು ಮೊದಲ ಸಲ ನಾಲ್ಕು ಅಂಗಡಿ ತಿರುಗಿದ್ವಿ. ಇನ್ನೊಂದು ಅಟೊಮಾಕ್ಸೆಟಿನ್ ಅಂತ ಉಂಟು, ಅದು ಬೇರೆ ಜಾತಿಯದ್ದು, ಪರಿಣಾಮ ಗೊತ್ತಾಗ್ಲಿಕ್ಕೆ ಕೆಲವು ವಾರ ಬೇಕು. ಯಾರಿಗೆ ಯಾವುದು ಅಂತ ಡಾಕ್ಟರೇ ಹೇಳ್ಬೇಕು, ಪಕ್ಕದ ಮನೆಯವರ ಮಾತ್ರೆ ಕೇಳಿ ತಿನ್ನುವಂಥದ್ದು ಅಲ್ವೇ ಅಲ್ಲ.

ಮೂರನೇ ದಿನ ಫೋನ್ ಮಾಡಿ, "ಅಕ್ಕ, ಅಡ್ಗಿ ಕೋಣೆಯ ಎಕ್ಸಾಸ್ಟ್ ಫ್ಯಾನ್ ಬಂದ್ ಮಾಡಿದ ಹಾಂಗ್ ಆಯ್ತ್. ಇಷ್ಟ್ ವರ್ಷ ಅದ್ ಶಬ್ದ ಮಾಡ್ತಿತ್ತ್ ಅಂಬುದೇ ಗೊತ್ತಿರ್ಲಿಲ್ಲೆ" ಅಂದ. ನಂಗೆ ಕಣ್ಣೀರು ಬಂತು. ನಾಲ್ಕನೇ ದಿನ ಆ ಶಾಂತ ತಲೆಯಲ್ಲಿ ಕೂತು ಎಂತ ಮಾಡಿದ ಗೊತ್ತುಂಟಾ? ಹೋಟ್ಲಿನ ಮೂರು ಹಳೇ ಮಿಕ್ಸರಿನ ಕಾರ್ಬನ್ ಬ್ರಶ್ ಬದಲಾಯಿಸಿದ, ಮೂರು ಗಂಟೆ, ತಲೆ ಎತ್ತದೆ. ಬಿಲ್ಲುಗಳು ಡಿಕ್ಕಿಯಲ್ಲೇ ಇದ್ದವು. ಮಾತ್ರೆ ಗಮನ ಕೊಟ್ಟಿತು, ಗಮನವನ್ನು ಯಾವ ಕಡೆ ತಿರುಗಿಸ್ಬೇಕು ಅಂತ ಅದು ಹೇಳುದಿಲ್ಲ. ಹಸಿವೆಯೂ ಹೋಯ್ತು, ಮಧ್ಯಾಹ್ನ ತನ್ನದೇ ಹೋಟ್ಲಿನ ಊಟ ಕಂಡ್ರೆ ಮುಖ ತಿರುಗಿಸ್ತಿದ್ದ, ಎರಡು ತಿಂಗಳಲ್ಲಿ ಮೂರು ಕಿಲೋ ಇಳಿದ. ಆಮೇಲೆ ಬೆಳಿಗ್ಗೆ ಹೊಟ್ಟೆ ತುಂಬ ತಿಂದು ಮಾತ್ರೆ ತಗೊಳ್ಳುದು, ದಿನದ ಆರು ಫಿಲ್ಟರ್ ಕಾಫಿಯನ್ನು ಎರಡಕ್ಕೆ ಇಳಿಸುದು ಅಂತ ಮಾಡಿದ ಮೇಲೆ ಸರಿ ಬಂತು.

ಅಲ್ಲಿಯ ತನಕ ಮಾಡಿದ ಉಪಾಯಗಳ ಪಟ್ಟಿ ದೊಡ್ಡದು, ಬೇಗ ಹೇಳಿ ಮುಗಿಸ್ತೇನೆ. ಡೈರಿ, ಪ್ರತಿ ಜನವರಿಗೆ ಒಂದು, ಜನವರಿ 9ರ ತನಕ ಬರೆದದ್ದು. ಫೋನಲ್ಲಿ ಮೂರು ಆ್ಯಪ್. ಗೋಡೆಗೆ ಬಿಳಿ ಬೋರ್ಡು, ಅದ್ರ ಮೇಲೆ ಈಗ ಸ್ಪೆಶಲ್ ಥಾಲಿ ರೇಟ್ ಬರೆದಿದ್ದಾರೆ. ಅಲಾರಂ 11 ಇಟ್ಟಿದ್ದ, ಕ್ಲೀನರ್ ಹುಡುಗ್ರು ಅದ್ರ ಟ್ಯೂನಿಗೆ ಕುಣೀತಿದ್ರು. ಲೋಕಲ್ ರೈಲಲ್ಲಿ "ಪುಢೀಲ್ ಸ್ಟೇಷನ್" (ಮುಂದಿನ ಸ್ಟೇಷನ್) ಅಂತ ಹೇಳ್ತಾನೇ ಇರ್ತದಲ್ಲ, ದಿನಾ ಹೋಗುವವರಿಗೆ ಅದು ಕೇಳ್ತದಾ? ಹಾಗೆ. ಅಲಾರಂ ಹೊಡೆದಾಗ ಬಂದ್ ಮಾಡಿದ್ದೇ ಕೆಲಸ ಮಾಡಿದ ಸಮಾಧಾನ ಕೊಡ್ತಿತ್ತು ಅಂತಾನೆ.

ತಿರುವು ಬಂದದ್ದು ಅದೇ ಕ್ಲಿನಿಕ್ಕಿನ ಸೈಕಾಲಜಿಸ್ಟ್ ಮೇಡಂ ಕೇಳಿದ ಒಂದು ಪ್ರಶ್ನೆಯಿಂದ. ಎಲ್ಲರೂ ಯಾವಾಗ ಮರೀತೀರಿ ಅಂತ ಕೇಳ್ತಾರೆ, ಇವರು ಕೇಳಿದ್ದು, "ಯಾವಾಗ ಯಾವತ್ತೂ ಮರೆಯುದಿಲ್ಲ?" ಇವನು ತಕ್ಷಣ, "ಗಲ್ಲೆಯಲ್ಲಿ." ಹಾಗಾದ್ರೆ ಗಲ್ಲೆಯಲ್ಲಿ ಎಂತೆಂತ ಉಂಟು ಅಂತ ನೋಡಿ ಬರ್ಕೊಂಡು ಬನ್ನಿ ಅಂದ್ರು. ಅವನಿಗೆ ಬರೆಯುದು ಆಗುದಿಲ್ಲ ಅಂತ ಒಂದು ಭಾನುವಾರ ನಾನೇ ಗಲ್ಲೆ ಪಕ್ಕ ಸ್ಟೂಲ್ ಹಾಕಿ ಕೂತೆ.

ನೀವೂ ನೋಡಿರ್ತೀರಿ, ನೋಡಿದ್ರೂ ನೋಡಿರುದಿಲ್ಲ. ಸಪ್ಲಾಯರ್ ಬಂದು ಆರ್ಡರ್ ಹೇಳ್ತಾನೆ, ಚೀಟಿ ಹರೀತಾರೆ, ಒಂದು ಪ್ರತಿ ಅಡುಗೆ ಕೋಣೆಯ ಕಿಂಡಿ ಹತ್ರ ನೆಟ್ಟಗೆ ನಿಂತ ಒಂದು ಕಬ್ಬಿಣದ ಸೂಜಿಗೆ ಚುಚ್ತಾರೆ. ಚೀಟಿಯಲ್ಲಿ ಟೇಬಲ್ ನಂಬರ್ ಮತ್ತು ಐಟಂ, ಬೇರೆ ಕಥೆ ಇಲ್ಲ. ದೋಸೆ ಹೋಯ್ತಾ, ಚೀಟಿ ಹೋಯ್ತು. ಹೋಗ್ಲಿಲ್ವಾ, ಚೀಟಿ ಅಲ್ಲೇ ಎದುರಿಗೆ, ಹಸಿದವನು ಮೂರಡಿ ದೂರದಲ್ಲಿ ಕೂತು ಇವನ ಮುಖವನ್ನೇ ನೋಡ್ತಿದ್ದಾನೆ. ನೆನಪಿಟ್ಟುಕೊಳ್ಳುವ ಕೆಲಸವೇ ಅಲ್ಲಿ ಇಲ್ಲ! ನೆನಪೆಲ್ಲ ಸೂಜಿಯಲ್ಲಿ ಉಂಟು, ಟೇಬಲ್ಲಿನಲ್ಲಿ ಉಂಟು, ಗಿರಾಕಿಯ ಕಣ್ಣಲ್ಲಿ ಉಂಟು. ಡಿಕ್ಕಿಯೊಳಗಿನ ಬಿಲ್ಲಿಗೆ ಕಣ್ಣಿಲ್ಲ. ಜಿಎಸ್‌ಟಿಯ 20ನೇ ತಾರೀಕು ಬಂದು ಯಾವ ಟೇಬಲ್ಲಿಗೂ ಕೂರುದಿಲ್ಲ. ಕೊಡೆಗೆ ಕಟ್ಟಿದ ಗೋಣಿ ದಾರ ನಂಗೆ ಅರ್ಥ ಆದದ್ದು ಆ ಸ್ಟೂಲ್ ಮೇಲೆ. ಈ ವಿಷಯದಲ್ಲಿ ಬಹಳ ವರ್ಷ ಕೆಲಸ ಮಾಡಿದ ಅಮೆರಿಕದ ರಸೆಲ್ ಬಾರ್ಕ್ಲಿ ಅನ್ನುವವರು ಹೇಳುದೂ ಇದನ್ನೇ ಅಂತ ಮೇಡಂ ಹೇಳಿದ್ರು, ಇದು ಗೊತ್ತಿಲ್ಲದ ತೊಂದರೆ ಅಲ್ಲ, ಗೊತ್ತಿದ್ದದ್ದನ್ನು ಮಾಡುವ ತೊಂದರೆ, ಹಾಗಾಗಿ ಸಹಾಯ ಎಲ್ಲ ಕೆಲಸ ನಡೆಯುವ ಜಾಗದಲ್ಲೇ, ಆ ಹೊತ್ತಿಗೇ ಸಿಗ್ಬೇಕು. ತಲೆಗೆ ಬುದ್ಧಿ ಹೇಳಿ ಪ್ರಯೋಜನ ಇಲ್ಲ, ತಲೆಯಲ್ಲಿ ಬುದ್ಧಿ ಮೊದಲೇ ಉಂಟು.

ಹಾಗಾಗಿ ಗಲ್ಲೆಯ ಎಡಗೈ ಪಕ್ಕ ಇನ್ನೊಂದು ಸೂಜಿ ಬಂತು, ಸ್ಟೇಷನ್ ರೋಡಿನ ಪಾತ್ರೆ ಅಂಗಡಿಯಿಂದ 60 ರೂಪಾಯಿಗೆ. ಬರುವ ಪ್ರತಿ ಬಿಲ್ಲು ನಿಂತಲ್ಲೇ ಅದಕ್ಕೆ ಚುಚ್ಚುದು, ಜೇಬಿಗೆ ಹಾಕ್ಲಿಕ್ಕಿಲ್ಲ, ಡಿಕ್ಕಿ ಅಂತೂ ಕೇಳ್ಲೇಬೇಡಿ. ಮನೆ ಕೆಲಸವೂ ಆರ್ಡರ್ ಚೀಟಿಯಲ್ಲೇ. ಶುರುವಲ್ಲಿ ಅವನು ಬರೆದ ಚೀಟಿ, "ಜಿಎಸ್‌ಟಿ ಮಾಡುದು." ಒಂದು ವಾರ ಹಾಗೇ ಇತ್ತು. ನಮ್ಮ ಭಟ್ರು, 22 ವರ್ಷದಿಂದ ಅಡುಗೆಯಲ್ಲಿರುವವರು, ಚಾ ಕುಡೀತಾ ಅದನ್ನು ಓದಿ, "ಇದೆಂತದು ಸಾವ್ಕಾರ್ರೆ, ಯಾರಾದ್ರೂ ಬಂದು 'ಊಟ' ಅಂತ ಆರ್ಡರ್ ಕೊಟ್ರೆ ನಾನು ಎಂತ ಮಾಡ್ಲಿ? ಎರಡು ಇಡ್ಲಿ, ಒಂದು ವಡೆ ಅಂತ ಹೇಳ್ಬೇಕಲ್ಲ" ಅಂದ್ರು. ಸೈಕಾಲಜಿಸ್ಟ್ ಮೇಡಂ ಎರಡು ಸೆಶನ್‌ನಲ್ಲಿ ಹೇಳಿದ್ದು ತಲೆಗೆ ಹೋಗದ್ದು ಇದೊಂದು ಮಾತಿಗೆ ಹೋಯ್ತು. ಆಮೇಲಿನ ಚೀಟಿ: "ಹಾಲಿನ ಬಿಲ್ 1ರಿಂದ 15, ಕವರಿಗೆ." "ಕವರ್ ಲೆಕ್ಕದ ಆಫೀಸಿಗೆ, ಚಪ್ಪಲಿ ಹಾಕು." ಚಪ್ಪಲಿ ಹಾಕು ಅಂತ ಬರೆಯುದು ತಮಾಷೆಗೆ ಅಲ್ಲ, ಅವನಿಗೆ ಕಷ್ಟ ಇರುದು ಏಳುದರಲ್ಲಿ. ಎದ್ದ ಮೇಲೆ ನಡೀತಾನೆ.

ಸಮಯವೂ ಬದಲಾಯ್ತು. ಮೊದಲು ಕಾಗದದ ಕೆಲಸ ಅಂದ್ರೆ ರಾತ್ರಿ ಹತ್ತೂವರೆ, ಶಟರ್ ಎಳೆದ ಮೇಲೆ, ಆಗ ಮಾತ್ರೆಯ ಪರಿಣಾಮವೂ ಇಳಿದು ಹೋಗಿರ್ತದೆ, ಮೈಯೂ ಸೋತಿರ್ತದೆ. ಅವನ ಮಾತ್ರೆ ಬೆಳಿಗ್ಗೆ ಎಂಟೂವರೆಗೆ ತಗೊಂಡ್ರೆ ಸುಮಾರು ಎಂಟು ಗಂಟೆ ಕೆಲಸ ಮಾಡ್ತದೆ. ಹೋಟ್ಲಲ್ಲಿ ಮಧ್ಯಾಹ್ನದ ಊಟ ಮುಗಿದು ಸಂಜೆ ತಿಂಡಿ ಶುರು ಆಗುವ ಮೊದಲು ಮೂರರಿಂದ ನಾಲ್ಕು ಖಾಲಿ. ಅದೇ ಹೊತ್ತು. ಇಷ್ಟು ಸರಳ ಲೆಕ್ಕ ಹಾಕ್ಲಿಕ್ಕೆ ನಮ್ಗೆ ಐದು ತಿಂಗಳು ಬೇಕಾಯ್ತು.

ಉಳಿದದ್ದು ಹಸಿದ ಗಿರಾಕಿ. ಯಾರಾದ್ರೂ ಎದುರು ಇರ್ಬೇಕು. ಮಂಗಳವಾರ ನಂಗೆ ವರ್ಕ್ ಫ್ರಮ್ ಹೋಮ್, ಲ್ಯಾಪ್‌ಟಾಪ್ ಹಿಡ್ಕೊಂಡು ಸ್ಲೋ ಲೋಕಲ್ ಹತ್ತಿ ಥಾಣೆ, ಕಳವಾ, ಮುಂಬ್ರಾ, ದಿವಾ, ಕೋಪರ್ ದಾಟಿ ಡೊಂಬಿವಲಿಗೆ ಬಂದು ಮೂರನೇ ಟೇಬಲ್ಲಲ್ಲಿ ನನ್ನ ಫೈಲ್ ನಾನು ಮಾಡುದು, ಎದುರು ಕೂತು ಅವನ ಬಿಲ್ ಅವನು. ಬಾಡಿ ಡಬ್ಲಿಂಗ್ ಅಂತಾರಂತೆ ಇದಕ್ಕೆ. ಮೊದಲ ಮಂಗಳವಾರ ಹತ್ತು ನಿಮಿಷಕ್ಕೊಮ್ಮೆ "ಎಷ್ಟಾಯ್ತು?" ಅಂತ ಕೇಳಿದೆ, ಅವನು ಬಿಲ್ಲೆಲ್ಲ ಟೇಬಲ್ಲಿಗೆ ಬಡಿದು ಎದ್ದು ಹೋದ. ತಪ್ಪು ನನ್ನದೇ. ಎದುರು ಕೂರುದು ಬೇರೆ, ಎದೆ ಮೇಲೆ ಕೂರುದು ಬೇರೆ. ಎರಡನೇ ವಾರದಿಂದ ಬಾಯಿಗೆ ಬೀಗ. ಅವನು ಬಿಲ್ಲುಗಳನ್ನು ಇಸ್ಪೀಟೆಲೆಯ ಹಾಗೆ ಹರಡಿ, ಒದ್ದೆ ಆದದ್ದನ್ನು ಚಾ ಲೋಟದ ಅಡಿಗೆ ಇಟ್ಟು ಸಪಾಟು ಮಾಡಿ, ಹಾಲು ಒಂದು ಕಡೆ ಗ್ಯಾಸ್ ಒಂದು ಕಡೆ ಅಂತ ಇಡ್ತಾ ಹೋದ, 40 ನಿಮಿಷಕ್ಕೆ ಎಲ್ಲ ಮುಗೀತು. ಮೂರು ತಿಂಗಳು ರಾತ್ರಿ ನಿದ್ರೆ ಕೆಡಿಸಿದ ಕೆಲಸ, 40 ನಿಮಿಷ! ಮುಗಿಸಿ ಕವರನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದ. ಖುಷಿ ಪಟ್ಟ ಅಂತ ತಿಳ್ಕೊಂಡೆ, ಅಲ್ಲ, "ಇಷ್ಟೇಯಾ ಇದ್ದದ್?" ಅಂತ ಹೇಳಿ ಅವನಿಗೆ ತನ್ನ ಮೇಲೇ ಸಿಟ್ಟು ಬಂದಿತ್ತು. ಆ ಸಿಟ್ಟು ಇಳೀಲಿಕ್ಕೆ ಸೂಜಿಗಿಂತ, ಮಾತ್ರೆಗಿಂತ ಜಾಸ್ತಿ ದಿನ ಹಿಡೀತು. ಮೇಡಂ ಹತ್ರ ಅರ್ಧಕ್ಕರ್ಧ ಸೆಶನ್ ಹೋದದ್ದು ಅದಕ್ಕೇ.

2024ರ ಫೆಬ್ರವರಿಯಲ್ಲಿ ಎಲ್ಲ ಕೆಟ್ಟಿತು. ಊರಲ್ಲಿ ಮದುವೆ, ಎಂಟು ದಿನಕ್ಕೆ ಹೋದವರು, ಮಾತ್ರೆ ಡೊಂಬಿವಲಿಯಲ್ಲೇ ಬಿಟ್ಟು ಹೋಗಿದ್ದಾನೆ, ವಾಪಸ್ ಬಂದ ಮೇಲೆ ಚೀಟಿ ಹಳತಾಗಿ ಹೊಸದು ಬರೆಸ್ಲಿಕ್ಕೆ ಹೋಗ್ಲಿಲ್ಲ, ಸೂಜಿಯಲ್ಲಿ ಬಿಲ್ಲು ಮೇಲೆ ಮೇಲೆ ಏರಿ ಬಾಳೆಗೊನೆಯ ಹಾಗೆ ಆಯ್ತು, ಎದುರಿಗಿದ್ರೂ ಕಣ್ಣಿಗೆ ಕಾಣುದಿಲ್ಲ. ಆ ತಿಂಗಳ ರಿಟರ್ನ್ ಆರು ದಿನ ಲೇಟು, 300 ರೂಪಾಯಿ. ಹೊಸತನ ಹೋದ್ರೆ ಇವರಿಗೆ ವಸ್ತು ಗೋಡೆಯ ಬಣ್ಣ ಆಗಿ ಹೋಗ್ತದೆ, ಇದು ಮೊದಲೇ ಗೊತ್ತಿದ್ರೆ ನಾನು ಅಷ್ಟು ಕಿರಿಚ್ತಿರ್ಲಿಲ್ಲ. ಈಗ ಎರಡು ತಿಂಗಳಿಗೊಮ್ಮೆ ಏನಾದ್ರೂ ಒಂದು ಬದಲು, ಸೂಜಿ ಎಡದಿಂದ ಬಲಕ್ಕೆ, ಚೀಟಿ ಬಿಳಿಯಿಂದ ಗುಲಾಬಿಗೆ, ಒಮ್ಮೆ ಮಗಳು ಅದ್ರ ತುದಿಗೆ ಒಂದು ಪ್ಲಾಸ್ಟಿಕ್ ಗಿಳಿ ಕೂರಿಸಿದ್ಳು. ಮಾತ್ರೆಯ ಚೀಟಿ ಬರೆಸುವ ಡೇಟೂ ಸೂಜಿಗೆ ಚುಚ್ಚುವ ಒಂದು ಆರ್ಡರ್ ಆಯ್ತು.

ತಮ್ಮನ ಹೆಂಡ್ತಿಯ ಪಾಲು ಸರಿ ಆಯ್ತಾ? ಪೂರ್ತಿ ಇಲ್ಲ. ಕರೆಂಟ್, ಗ್ಯಾಸ್, ಸೊಸೈಟಿ ಮೇಂಟೆನೆನ್ಸ್ ಬ್ಯಾಂಕಿಂದ ತಾನಾಗೇ ಹೋಗುವ ಹಾಗೆ ಮಾಡಿದ್ವಿ, ಅದು ಇಬ್ಬರ ತಲೆಯಿಂದ್ಲೂ ಇಳೀತು. ಮಗಳನ್ನು ಕರೆತರುದು ಈಗ ಶಾಲೆ ವ್ಯಾನು. ಅವಳು ಒಂದು ಮಾತು ಹೇಳಿದ್ಳು, "ಕಾಯಿಲೆ ಅಂತ ಗೊತ್ತಾದದ್ದು ಒಳ್ಳೇದೇ ಅಕ್ಕ, ಆದ್ರೆ ಏಳು ವರ್ಷ ನಾನು ದುಡಿದದ್ದಕ್ಕೆ ಯಾವ ಕಾಯಿಲೆ ಹೆಸರು?" ನನ್ನ ಹತ್ರ ಉತ್ತರ ಇರ್ಲಿಲ್ಲ. ಅವಳಿಗೆ ಭಾನುವಾರ ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಪೂರ್ತಿ ರಜೆ, ಆ ಹೊತ್ತಲ್ಲಿ ಯಾರೂ ಅವಳನ್ನು ಎಂತದೂ ಕೇಳ್ಲಿಕ್ಕಿಲ್ಲ ಅಂತ ಒಂದು ಕರಾರು ಆಗಿದೆ, ತಮ್ಮ ಅದನ್ನು ಹತ್ತರಲ್ಲಿ ಏಳು ಸಲ ಪಾಲಿಸ್ತಾನೆ.

ಆಮೇಲಿನ ಒಂದು ವರ್ಷದಲ್ಲಿ 12 ರಿಟರ್ನಿನಲ್ಲಿ ಲೇಟ್ ಆದದ್ದು ಎರಡು. ಗ್ರೈಂಡರ್ ಕಂಡ್ರೆ ಈಗ್ಲೂ ನಿಲ್ತಾನೆ. ಫೈಲಿನ ಕಾರಣ ಕಾಲಮಲ್ಲಿ ನಾನು ಹಳೇ ಶಬ್ದ ಹೊಡೆದು ಹಾಕಿದ್ದೇನೆ, ಹೊಸತು ಬರೀಲಿಕ್ಕೆ ಜಾಗ ಸಾಕಾಗ್ಲಿಲ್ಲ, ಹಾಗಾಗಿ ಇಷ್ಟುದ್ದ ಬರೆದದ್ದು.

ನಾನು ಈಗ ಪ್ರತಿ ಮಂಗಳವಾರ ಹೋಗುದಿಲ್ಲ, ಆಫೀಸಿನವರು ಆ ವರ್ಕ್ ಫ್ರಮ್ ಹೋಮ್ ಕಿತ್ಕೊಂಡ್ರು. ನನ್ನ ಬದಲು ಮೂರನೇ ಟೇಬಲ್ಲಲ್ಲಿ ಭಟ್ರು. ಮೂರು ಗಂಟೆಗೆ ಒಂದು ಬುಟ್ಟಿ ಬೀನ್ಸ್, ಒಂದು ಮಣೆ ತಂದು ಕೂತು ಸಂಜೆಯ ಪಲಾವಿಗೆ ಹೆಚ್ತಾರೆ, ಎದುರು ಇವನು ಬಿಲ್ ಜೋಡಿಸ್ತಾನೆ, ಇಬ್ಬರೂ ಮಾತಾಡುದಿಲ್ಲ, ಚಾಕುವಿನ ಟಕ ಟಕ ಮಾತ್ರ. ಬಾಡಿ ಡಬ್ಲಿಂಗ್ ಅಂತ ಅವರಿಗೆ ಯಾರೂ ಹೇಳಿಲ್ಲ, ಹೇಳಿದ್ರೆ ಸಂಬಳ ಜಾಸ್ತಿ ಕೇಳಿಯಾರು. ಮೇ ಒಂದಕ್ಕೆ ಅವರು ಒಂದು ತಿಂಗಳು ಊರಿಗೆ ಹೋಗ್ತಾರೆ. ಬದಲಿ ಅಡುಗೆಯವ ಸಿಕ್ಕಿದ್ದಾನಂತೆ, ಆದ್ರೆ ಅವನು ಬೀನ್ಸನ್ನು ಬೆಳಿಗ್ಗೆಯೇ ಹೆಚ್ಚಿಡುವ ಜಾತಿಯವನು ಅಂತ ತಮ್ಮ ನಿನ್ನೆ ರಾತ್ರಿ ಫೋನ್ ಮಾಡಿ ಹೇಳಿದ.